ಕಿರಿದಾದ ಜಠರಕ್ಕೆ ಗಾಂಜಾದ ಸಾಂತ್ವನ?

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2014ರ ಜನವರಿ 1ರಂದು, ಹೊಸ ವರ್ಷದ ಕೊರೆಯುವ ಚಳಿಯಲ್ಲಿ, ಜನ ಕೆಲವು ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತಿದ್ದರು. ಅವರು ಕೊಳ್ಳಲು ಬಂದಿದ್ದುದು ಗಾಂಜಾ. ಇಪ್ಪತ್ತೊಂದು ವರ್ಷ ತುಂಬಿದ ಯಾರೇ ಆಗಲಿ, ಗುರುತಿನ ಚೀಟಿ ತೋರಿಸಿ ಅದನ್ನು ಕೊಳ್ಳಬಹುದು ಎಂಬ ಕಾನೂನು ಅಂದು ಜಾರಿಗೆ ಬಂದಿತ್ತು. ಸೇದುವ ಮೊಗ್ಗು ಮಾತ್ರವಲ್ಲ, ಗಾಂಜಾ ಬೆರೆಸಿದ ಚಾಕೊಲೇಟು, ಬಿಸ್ಕತ್ತು, ಪಾನೀಯಗಳೂ ಅಲ್ಲಿದ್ದವು. ಆಮೇಲೆ ಒಂದೊಂದಾಗಿ ಇನ್ನೂ ಹಲವು ರಾಜ್ಯಗಳು ಇದೇ ದಾರಿ ಹಿಡಿದವು.

ಅದೇ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಂದಿ ವಿಪರೀತ ಬೊಜ್ಜು ಕರಗಿಸಲು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಶಸ್ತ್ರಚಿಕಿತ್ಸೆಯ ನಂತರ ಅವರಿಗೆ ಸಿಗರೇಟು ಕೂಡದು, ಮದ್ಯ ಕೂಡದು, ಸೋಡಾ ಕೂಡದು. ಹಿಂದೆ ಬೇಸರ ಬಂದಾಗ ತಿನ್ನುತ್ತಿದ್ದಂತೆ ಈಗ ತಿನ್ನುವಂತೆಯೂ ಇಲ್ಲ. ಹಾಗಿರುವಾಗ ಅವರಲ್ಲಿ ಹಲವರು ವೈದ್ಯರ ಮುಂದಿಡುವ ಪ್ರಶ್ನೆ ಒಂದಿದೆ: ಮನಸ್ಸು ಹಗುರ ಮಾಡಿಕೊಳ್ಳಲು ಒಂದಿಷ್ಟು ಗಾಂಜಾ ಆಗಬಹುದೆ? ಅಂಗಡಿಯಲ್ಲೇ ಸಿಗುತ್ತದಲ್ಲ, ಗಿಡದಿಂದ ಬಂದದ್ದಲ್ಲವೆ?

ಗಿಡದಿಂದ ಬಂದದ್ದು ಎಂಬ ಮಾತನ್ನು ಮೊದಲೇ ಪಕ್ಕಕ್ಕಿಡೋಣ. ಉಮ್ಮತ್ತಿಯೂ ಗಿಡ, ಕಾಸರಕವೂ ಗಿಡ. ಉಳಿದ ಪ್ರಶ್ನೆ ಮಾತ್ರ ನಿಜಕ್ಕೂ ಗಂಭೀರವಾದದ್ದು. ಅದಕ್ಕೆ ಉತ್ತರ ಹುಡುಕಲು ಜಠರದಿಂದ ಮಿದುಳಿನವರೆಗೆ ಪ್ರಯಾಣ ಮಾಡಬೇಕು.

ಜಠರಕ್ಕೆ ಏನು ಮಾಡುತ್ತಾರೆ?

ವಯಸ್ಕರ ಜಠರ ಊಟವಾದಾಗ ಹಿಗ್ಗಿ ಒಂದರಿಂದ ಒಂದೂವರೆ ಲೀಟರಿನಷ್ಟು ಆಹಾರ ಹಿಡಿಯಬಲ್ಲ ಚೀಲ. ‘ಗ್ಯಾಸ್ಟ್ರಿಕ್ ಬೈಪಾಸ್’ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಈ ಚೀಲದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಸಂಚಿಯೊಂದನ್ನು ಬೇರ್ಪಡಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಹೊಲಿಯುತ್ತಾರೆ. ಉಳಿದ ಜಠರ ಹೊಟ್ಟೆಯೊಳಗೇ ಇರುತ್ತದೆ, ಆದರೆ ಆಹಾರ ಅದರ ಕಡೆ ಸುಳಿಯುವುದಿಲ್ಲ. ‘ಸ್ಲೀವ್’ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮುಕ್ಕಾಲು ಭಾಗವನ್ನೋ ಇನ್ನೂ ತುಸು ಹೆಚ್ಚನ್ನೋ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯೊಂದನ್ನು ಮಾತ್ರ ಉಳಿಸುತ್ತಾರೆ.

ಬೈಪಾಸ್ ವಿಧಾನವನ್ನು ರೂಪಿಸಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಡಾ. ಎಡ್ವರ್ಡ್ ಮೇಸನ್. ಹುಣ್ಣಿನ ಕಾರಣಕ್ಕೆ ಜಠರದ ಭಾಗ ತೆಗೆಸಿಕೊಂಡ ರೋಗಿಗಳು ತೂಕ ಕಳೆದುಕೊಳ್ಳುವುದನ್ನೂ ಮತ್ತೆ ಸುಲಭವಾಗಿ ದಪ್ಪಗಾಗದಿರುವುದನ್ನೂ ಅವರು ಗಮನಿಸಿದ್ದರು. 1966ರಲ್ಲಿ ಬೊಜ್ಜಿಗೆಂದೇ ಈ ಶಸ್ತ್ರಚಿಕಿತ್ಸೆ ಮಾಡಿದರು. ಚೀಲ ಚಿಕ್ಕದಾಯಿತು, ಊಟ ಕಡಿಮೆಯಾಯಿತು, ತೂಕ ಇಳಿಯಿತು ಎಂಬಷ್ಟು ಸರಳ ಲೆಕ್ಕ ಇದಲ್ಲ ಎಂಬುದು ಆಮೇಲೆ ತಿಳಿಯಿತು. 1999ರಲ್ಲಿ ಜಪಾನಿನ ವಿಜ್ಞಾನಿಗಳು ‘ಗ್ರೆಲಿನ್’ ಎಂಬ ಹಸಿವಿನ ಹಾರ್ಮೋನನ್ನು ಪತ್ತೆ ಹಚ್ಚಿದರು. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲಿನ ಗುಮ್ಮಟದಂಥ ಭಾಗದಲ್ಲಿ. ಸ್ಲೀವ್ ವಿಧಾನದಲ್ಲಿ ಕತ್ತರಿಸಿ ಹೋಗುವುದೂ ಅದೇ ಭಾಗ. ಹೀಗಾಗಿ ಆರಂಭದಲ್ಲಿ ಹಸಿವೆಯೇ ಕುಗ್ಗುತ್ತದೆ.

ಇದು ಅಂದಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯಲ್ಲ. ಮಧುಮೇಹ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವುದು ಇವೆಲ್ಲ ಇದರಿಂದ ಹತೋಟಿಗೆ ಬರುತ್ತವೆ. ತೀವ್ರ ಬೊಜ್ಜಿರುವ 13 ವರ್ಷ ಮೀರಿದ ಮಕ್ಕಳನ್ನೂ ಇದಕ್ಕೆ ಪರಿಶೀಲಿಸಬಹುದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2023ರಲ್ಲಿ ಸಲಹೆ ನೀಡಿತು. ಹಾಗಾಗಿ ಇದು ದೊಡ್ಡವರ ಮಾತು ಮಾತ್ರವೆಂದು ಭಾವಿಸಬೇಕಿಲ್ಲ.

ತಟ್ಟೆ ಹೋದ ಮೇಲೆ

ಅತ್ತ ಮಗುವಿನ ಕೈಗೆ ಉಂಡೆ ಕೊಟ್ಟು ಸಮಾಧಾನ ಮಾಡುವುದು ಎಲ್ಲ ಮನೆಗಳಲ್ಲೂ ಇದೆ. ಪರೀಕ್ಷೆಯ ಹಿಂದಿನ ರಾತ್ರಿ ಚಕ್ಕುಲಿ ಡಬ್ಬಿ ತಾನಾಗಿ ಖಾಲಿಯಾಗುವುದೂ ಹೊಸದಲ್ಲ. ದುಃಖ, ಒಂಟಿತನ, ಅವಮಾನ ಎಲ್ಲಕ್ಕೂ ತಿನ್ನುವುದೇ ಮದ್ದು ಎಂದು ಕೆಲವರ ಮಿದುಳು ಚಿಕ್ಕಂದಿನಲ್ಲೇ ಕಲಿತುಬಿಟ್ಟಿರುತ್ತದೆ. ವೈದ್ಯರು ಒಂದೆರಡು ಗಂಟೆಯಲ್ಲಿ ಜಠರವನ್ನು ಕಿರಿದು ಮಾಡಬಲ್ಲರು. ಮಿದುಳಿನ ಆ ಪಾಠವನ್ನು ಅಳಿಸಲಾರರು. ಶಸ್ತ್ರಚಿಕಿತ್ಸೆ ಆದವರಿಗೆ ಮೊದಲ ವಾರಗಳಲ್ಲಿ ಗಂಜಿನೀರಿನಂಥ ದ್ರವಾಹಾರ, ಬಳಿಕ ಮಸೆದ ಆಹಾರ, ಆಮೇಲೆ ಮೆತ್ತನೆಯ ತುತ್ತು. ಹಬ್ಬದೂಟಕ್ಕೆ ಕುಳಿತರೆ ನಾಲ್ಕು ತುತ್ತಿಗೇ ಏಳಬೇಕು. ದೇಹ ಇಳಿಯುತ್ತಿದ್ದರೂ ಮನಸ್ಸಿಗೆ ಒರಗಿಕೊಳ್ಳಲು ಗೋಡೆಯೇ ಇಲ್ಲದಂತಾಗುತ್ತದೆ.

ಆಗ ಬೇರೊಂದು ಗೋಡೆ ಹುಡುಕುವವರಿದ್ದಾರೆ. ಮದ್ಯದ ವಿಷಯದಲ್ಲಿ ಇದಕ್ಕೆ ಅಂಕಿ ಅಂಶಗಳೇ ಇವೆ. 2012ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ ಶೇ. 7.6 ಮಂದಿಯಲ್ಲಿದ್ದ ಮದ್ಯದ ಸಮಸ್ಯೆ ಎರಡನೆಯ ವರ್ಷದಲ್ಲಿ ಶೇ. 9.6ಕ್ಕೆ ಏರಿತ್ತು. ಇದಕ್ಕೆ ಮನಸ್ಸು ಮಾತ್ರ ಕಾರಣವಲ್ಲ, ಕೊಳಾಯಿ ಜೋಡಣೆ ಬದಲಾದದ್ದೂ ಕಾರಣ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ತೋರಿಸಿದಂತೆ, ಬೈಪಾಸ್ ಆದ ಮಹಿಳೆಯರಲ್ಲಿ ಎರಡು ಗ್ಲಾಸು ಮದ್ಯ ನಾಲ್ಕು ಗ್ಲಾಸು ಕುಡಿದಷ್ಟು ರಕ್ತಕ್ಕೆ ಏರುತ್ತಿತ್ತು. ಜಠರದಲ್ಲಿ ನಿಂತು, ಅಲ್ಲಿಯ ಕಿಣ್ವಕ್ಕೆ ಒಂದಿಷ್ಟು ಬಲಿಯಾಗಿ, ನಿಧಾನವಾಗಿ ಮುಂದೆ ಸಾಗಬೇಕಿದ್ದ ಮದ್ಯ ನೇರವಾಗಿ ಕರುಳಿಗೆ ಇಳಿದುಬಿಡುತ್ತದೆ.

ಮದ್ಯದ ಅಪಾಯವನ್ನು ವೈದ್ಯರು ಖಂಡಿತವಾಗಿ ಹೇಳುತ್ತಾರೆ. ಹಾಗಾದರೆ ಗಾಂಜಾವೇ ಮೇಲು ಎಂದು ಕೆಲವರು ಆ ಕಡೆ ತಿರುಗುತ್ತಾರೆ. ಎಡವುವುದು ಇಲ್ಲೇ. ಏಕೆಂದರೆ ಗಾಂಜಾ ಹೋಗಿ ಮುಟ್ಟುವುದು ಹಸಿವಿನ ಗುಂಡಿಯನ್ನೇ.

ಸಂಸ್ಕೃತದ ‘ಆನಂದ’ ಮಿದುಳಿನಲ್ಲಿ

ಗಾಂಜಾದ ಅಮಲಿಗೆ ಮುಖ್ಯ ಕಾರಣವಾದ ಟಿ.ಎಚ್.ಸಿ. ಎಂಬ ರಾಸಾಯನಿಕವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆ ತಿಳಿಸಿದವರು ಇಸ್ರೇಲಿನ ರಾಫೆಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೋನಿ, 1964ರಲ್ಲಿ. ಈ ವಸ್ತು ಮಿದುಳಿನಲ್ಲಿ ಎಲ್ಲಿ ಕೂರುತ್ತದೆ ಎಂಬುದು ತಿಳಿಯಲು ಇನ್ನೂ ಇಪ್ಪತ್ತನಾಲ್ಕು ವರ್ಷ ಬೇಕಾಯಿತು. 1988ರಲ್ಲಿ ಅಮೆರಿಕದ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಮಿದುಳಿನ ಕೋಶಗಳಲ್ಲಿ ಅದಕ್ಕೆ ತಕ್ಕ ಗ್ರಾಹಕಗಳನ್ನು ಕಂಡರು. ಬೀಗಕ್ಕೆ ಕೀಲಿಕೈ ಕೂರುವಂತೆ ಟಿ.ಎಚ್.ಸಿ. ಅಲ್ಲಿ ಕೂರುತ್ತದೆ.

ಎಲ್ಲೋ ಹೊಲದಲ್ಲಿ ಬೆಳೆಯುವ ಗಿಡಕ್ಕಾಗಿ ನಮ್ಮ ಮಿದುಳು ಬೀಗ ಮಾಡಿಟ್ಟುಕೊಂಡಿರುವುದುಂಟೆ? ದೇಹದಲ್ಲೇ ಅದರ ಸ್ವಂತ ಕೀಲಿಕೈ ಇರಲೇಬೇಕು. ಹುಡುಕಾಟ ಮುಂದುವರಿಯಿತು. 1992ರಲ್ಲಿ ಮೆಕೌಲಮ್, ಡಿವೇನ್ ಮತ್ತು ಅವರ ಸಂಗಡಿಗರು ಹಂದಿಯ ಮಿದುಳಿನಿಂದ ಆ ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಆನಂದಮೈಡ್’. ನಮ್ಮ ಸಂಸ್ಕೃತದ ‘ಆನಂದ’ವೇ ಅದು, ಅಮೈಡ್ ಎಂಬ ರಾಸಾಯನಿಕ ಬಾಲದೊಂದಿಗೆ.

ಈ ಬೀಗಗಳು ದಟ್ಟವಾಗಿರುವ ಜಾಗಗಳಲ್ಲಿ ನೆನಪಿನ ಕೇಂದ್ರವಿದೆ, ಸುಖದ ಕೇಂದ್ರವಿದೆ. ಹಸಿವು, ಸಂತೃಪ್ತಿಗಳನ್ನು ಆಳುವ ಹೈಪೊಥಲಾಮಸ್‌ನಲ್ಲೂ ಅವು ಕೆಲಸ ಮಾಡುತ್ತವೆ. ಗಾಂಜಾ ಸೇದಿದವರಿಗೆ ಹಸಿವು ಕೆರಳುವುದು ಇದರಿಂದಲೇ. ಈ ಗುಣ ಹೊಸದಾಗಿ ತಿಳಿದದ್ದಲ್ಲ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದ ವಿಲಿಯಂ ಓಶಾಗ್ನೆಸಿ 1839ರಲ್ಲಿ ಭಾರತದ ಗಾಂಜಾ, ಚರಸ್‌ಗಳ ಬಗ್ಗೆ ಪ್ರಬಂಧ ಬರೆದರು. ಚರಸ್ ತಿನ್ನಿಸಿದ ನಾಯಿಯೊಂದು ತೂಕಡಿಸಿ, ಬಾಲ ಅಲ್ಲಾಡಿಸಿ, ಬಲು ಸಂತೃಪ್ತಿಯಿಂದಿದ್ದಂತೆ ಕಂಡು, ಕೊಟ್ಟ ಆಹಾರವನ್ನು ಆತುರದಿಂದ ತಿಂದಿತೆಂದು ಅದರಲ್ಲಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ತಂಡ 2015ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ಆಶ್ಚರ್ಯಕರ. ಸಾಮಾನ್ಯವಾಗಿ ‘ಸಾಕು, ಹೊಟ್ಟೆ ತುಂಬಿತು’ ಎಂದು ಹೇಳುವ ನರಕೋಶಗಳೇ, ಗಾಂಜಾದಂಥ ವಸ್ತು ಸೇರಿದಾಗ, ‘ಇನ್ನೂ ಬೇಕು’ ಎಂದು ಹೇಳತೊಡಗಿದವು! ಬ್ರೇಕು ಒತ್ತಿದರೆ ಗಾಡಿ ಮುಂದಕ್ಕೆ ನುಗ್ಗಿದ ಹಾಗೆ.

ಈ ಗುಣವನ್ನೇ ವೈದ್ಯರು ಸದುಪಯೋಗ ಮಾಡಿಕೊಂಡದ್ದೂ ಉಂಟು. ಟಿ.ಎಚ್.ಸಿ.ಯನ್ನು ಕೃತಕವಾಗಿ ತಯಾರಿಸಿದ ‘ಡ್ರೊನಾಬಿನಾಲ್’ ಎಂಬ ಮಾತ್ರೆಯನ್ನು, ಏಡ್ಸ್‌ನಿಂದ ಊಟ ಸೇರದೆ ಸೊರಗುತ್ತಿದ್ದವರಿಗೆ ಕೊಡಲು ಅಮೆರಿಕದಲ್ಲಿ 1992ರಲ್ಲಿ ಒಪ್ಪಿಗೆ ದೊರೆಯಿತು. ತೂಕ ಹೆಚ್ಚಬೇಕಾದವರಿಗೆ ಕೊಡುವ ಮದ್ದನ್ನು ತೂಕ ಇಳಿಯಬೇಕೆಂದು ಹೊಟ್ಟೆ ಕೊಯ್ಸಿಕೊಂಡವರು ಸೇವಿಸುವುದು ಎಂಥ ವಿಪರ್ಯಾಸ!

ಗುಂಡಿಯನ್ನು ತಿರುವುಮುರುವಾಗಿ ಒತ್ತಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಆ ಬೀಗವನ್ನೇ ಮುಚ್ಚಿಬಿಡುವ ‘ರಿಮೊನಬಾಂಟ್’ ಎಂಬ ಮಾತ್ರೆ 2006ರಲ್ಲಿ ಯೂರೋಪಿನ ಮಾರುಕಟ್ಟೆಗೆ ಬಂತು. ಜನರ ಹಸಿವು ಕುಗ್ಗಿತು, ತೂಕವೂ ಇಳಿಯಿತು. ಆದರೆ ಜೊತೆಗೆ ಖಿನ್ನತೆ, ಆತಂಕ, ಆತ್ಮಹತ್ಯೆಯ ಯೋಚನೆಗಳು ಹೆಚ್ಚಿದವು. 2008ರಲ್ಲಿ ಅದರ ಮಾರಾಟ ನಿಲ್ಲಿಸಬೇಕಾಯಿತು. ಹಸಿವಿನ ತಂತಿ ಮತ್ತು ಸಂತೋಷದ ತಂತಿ ಒಂದೇ ಕಂಬದಲ್ಲಿ ಹಾದುಹೋಗಿವೆ. ಒಂದನ್ನು ಎಳೆದರೆ ಇನ್ನೊಂದು ಅಲ್ಲಾಡದೆ ಇರದು.

ತಿಂದ ಗಾಂಜಾದ ಗಡಿಯಾರ

ಶಸ್ತ್ರಚಿಕಿತ್ಸೆ ಆದವರಿಗೆ ಸಿಗರೇಟಿನ ಹೊಗೆ ಶತ್ರು. ಜಠರಕ್ಕೂ ಕರುಳಿಗೂ ಹಾಕಿದ ಹೊಲಿಗೆಯ ಜಾಗದಲ್ಲಿ ಹುಣ್ಣಾಗಲು ತಂಬಾಕು ಮುಖ್ಯ ಕಾರಣ. ಗಾಂಜಾದ ಹೊಗೆಯಲ್ಲೂ ಟಾರು, ಕಾರ್ಬನ್ ಮೊನಾಕ್ಸೈಡುಗಳಿವೆ. ಅದಕ್ಕೆ ತಂಬಾಕು ಬೆರೆಸಿ ಸೇದುವವರೂ ಬಹಳ. ಆದ್ದರಿಂದ ‘ಸೇದುವುದು ಬೇಡ, ತಿಂದರಾಯಿತು’ ಎಂಬ ಜಾಣತನ ಹುಟ್ಟುತ್ತದೆ.

ತಿನ್ನುವುದರ ಗಡಿಯಾರವೇ ಬೇರೆ. ಸೇದಿದರೆ ಕೆಲವೇ ನಿಮಿಷಗಳಲ್ಲಿ ಪರಿಣಾಮ ಗೊತ್ತಾಗುತ್ತದೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಕರುಳಿನಿಂದ ಅದು ಮೊದಲು ಪಿತ್ತಜನಕಾಂಗಕ್ಕೆ ಹೋಗಿ, ಅಲ್ಲಿ ಅಷ್ಟೇ ಅಮಲೇರಿಸುವ ಇನ್ನೊಂದು ರೂಪ ಪಡೆದು ಮಿದುಳಿಗೆ ಏರುತ್ತದೆ. ‘ಏನೂ ಆಗಲಿಲ್ಲವಲ್ಲ’ ಎಂದು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡವರು ಆಮೇಲೆ ಪಡುವ ಪಾಡು ಕೊಲರಾಡೊದ ಆಸ್ಪತ್ರೆಗಳಿಗೆ ಚೆನ್ನಾಗಿ ಗೊತ್ತು. ‘ನ್ಯೂಯಾರ್ಕ್ ಟೈಮ್ಸ್’ನ ಪ್ರಸಿದ್ಧ ಅಂಕಣಕಾರ್ತಿ ಮೌರೀನ್ ಡೌಡ್ 2014ರಲ್ಲಿ ಡೆನ್ವರ್ ನಗರದ ಹೋಟೆಲಿನಲ್ಲಿ ಅಂಥ ಚಾಕೊಲೇಟು ತಿಂದು, ಗಂಟೆಗಟ್ಟಲೆ ಭ್ರಮೆ ಮತ್ತು ಭಯದಲ್ಲಿ ಮಲಗಿದ್ದುದನ್ನು ತಾವೇ ಬರೆದುಕೊಂಡರು. ಹೊಸಬರು ಅದನ್ನು ಹದಿನಾರು ತುಂಡು ಮಾಡಿ ಒಂದು ತುಂಡು ಮಾತ್ರ ತಿನ್ನಬೇಕಿತ್ತಂತೆ. ಪೊಟ್ಟಣದ ಮೇಲೆ ಆ ಮಾತು ಇರಲಿಲ್ಲ. ಅವರ ಜಠರ ಇಡಿಯಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಪೊಟ್ಟಣದ ಮೇಲಿನ ಪ್ರಮಾಣ, ಕಾಲಾವಧಿಗಳೆಲ್ಲ ಇಡೀ ಜಠರ ಇರುವವರಿಗಾಗಿ ಬರೆದವು. ಬೈಪಾಸ್ ಆದವರಲ್ಲಿ ಜಠರದ ಕೊನೆಯ ಬಾಗಿಲು ದಾರಿಯಲ್ಲೇ ಇರುವುದಿಲ್ಲ. ನುಂಗಿದ್ದು ಸರಕ್ಕನೆ ಕರುಳಿಗೆ ಇಳಿಯುತ್ತದೆ. ಸಾಮಾನ್ಯ ಮಾತ್ರೆಗಳ ಪ್ರಮಾಣವನ್ನೇ ವೈದ್ಯರು ಇವರಿಗೆ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಇನ್ನೊಂದು ತೊಡಕು ಸಕ್ಕರೆಯದು. ಗಾಂಜಾದ ತಿನಿಸುಗಳು ಬಹುಪಾಲು ಸಿಹಿ. ಬೈಪಾಸ್ ಆದವರು ಸಿಹಿ ತಿಂದರೆ ಅದು ಒಮ್ಮೆಲೇ ಕರುಳಿಗೆ ಸುರಿದು ಬೆವರು, ಎದೆಬಡಿತ, ವಾಕರಿಕೆ, ತಲೆಸುತ್ತು ಬರುವುದುಂಟು. ಟಿ.ಎಚ್.ಸಿ.ಯೂ ಎದೆಬಡಿತ ಹೆಚ್ಚಿಸುತ್ತದೆ. ಕುಸಿದು ಕುಳಿತವರನ್ನು ಕಾಡುತ್ತಿರುವುದು ಸಕ್ಕರೆಯೋ ಗಾಂಜಾವೋ ಎಂದು ಮನೆಯವರು ಹೇಗೆ ಹೇಳಬೇಕು?

ವಾಂತಿಯ ಹಿಂದೆ ಬರುವ ಕುತ್ತು

ಗಾಂಜಾ ವಾಕರಿಕೆ ನಿಲ್ಲಿಸುತ್ತದೆಂಬ ಖ್ಯಾತಿ ಇದೆ. ಕ್ಯಾನ್ಸರ್ ರೋಗಿಗಳ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ದಿನವೂ, ವರ್ಷಗಟ್ಟಲೆ ಸೇವಿಸುವವರಲ್ಲಿ ಕೆಲವರಿಗೆ ಇದಕ್ಕೆ ವಿರುದ್ಧವಾದುದು ಸಂಭವಿಸುತ್ತದೆ. ಆಸ್ಟ್ರೇಲಿಯದ ವೈದ್ಯರು 2004ರಲ್ಲಿ ಇಂಥ ರೋಗಿಗಳನ್ನು ವರ್ಣಿಸಿದರು. ಬಿಟ್ಟು ಬಿಟ್ಟು ಬರುವ ತಡೆಯಲಾಗದ ವಾಂತಿ. ಬಿಸಿನೀರು ಸುರಿದುಕೊಂಡಾಗ ಮಾತ್ರ ಆರಾಮ. ದಿನಕ್ಕೆ ಹಲವು ಬಾರಿ ಬಿಸಿನೀರಿನ ಸ್ನಾನ ಮಾಡುತ್ತಿದ್ದುದೇ ವೈದ್ಯರಿಗೆ ಸುಳಿವಾಯಿತು. ಗಾಂಜಾ ಬಿಟ್ಟ ಮೇಲೆ ವಾಂತಿ ನಿಂತಿತು.

ಯಾರಿಗಾದರೂ ಇದು ಕಷ್ಟವೇ. ಜಠರ ಕಿರಿದಾದವರಿಗಂತೂ ಪ್ರಾಣಾಂತಿಕವಾಗಬಹುದು. ಅವರ ಊಟ ಮೊದಲೇ ಅಲ್ಪ. ಬಿ-12, ಕಬ್ಬಿಣ, ಕ್ಯಾಲ್ಸಿಯಂಗಳನ್ನು ಜೀವನಪರ್ಯಂತ ಮಾತ್ರೆಯಾಗಿ ನುಂಗಬೇಕಾದವರು ಅವರು. ಬಿ-1 ಜೀವಸತ್ವ, ಅಂದರೆ ಥಯಾಮಿನ್, ನಮ್ಮ ದೇಹದಲ್ಲಿ ಕೂಡಿಟ್ಟಿರುವುದು ಕೆಲವೇ ವಾರಗಳಿಗಾಗುವಷ್ಟು. ವಾಂತಿ ಎಡೆಬಿಡದೆ ಮುಂದುವರಿದರೆ ಅದು ಬರಿದಾಗುತ್ತದೆ. ಆಗ ಕಣ್ಣುಗುಡ್ಡೆ ನಿಲ್ಲದೆ ಅದುರುತ್ತದೆ, ನಡಿಗೆ ತಟ್ಟಾಡುತ್ತದೆ, ಮಾತು ಗೊಂದಲವಾಗುತ್ತದೆ. ‘ವರ್ನಿಕೆ’ ಎಂಬ ಈ ಮಿದುಳಿನ ಕಾಯಿಲೆಗೆ ತಕ್ಷಣ ಥಯಾಮಿನ್ ಚುಚ್ಚುಮದ್ದು ಕೊಡದಿದ್ದರೆ ನೆನಪಿನ ಶಕ್ತಿಗೆ ಶಾಶ್ವತ ಹಾನಿ, ಕೆಲವೊಮ್ಮೆ ಸಾವು. ಈ ಲಕ್ಷಣಗಳನ್ನು ಇನ್ನೊಮ್ಮೆ ಓದಿ ನೋಡಿ. ತಟ್ಟಾಟ, ತೊದಲು, ಗೊಂದಲ. ಗಾಂಜಾ ಸೇವಿಸುವವನೆಂದು ಗೊತ್ತಿರುವ ಮನೆಯಲ್ಲಿ ‘ಅಮಲು ಇಳಿದ ಮೇಲೆ ಸರಿಹೋಗುತ್ತಾನೆ’ ಎಂದು ಮಲಗಿಸಿಬಿಡುವ ಸಾಧ್ಯತೆಯೇ ಹೆಚ್ಚು.

ಅಳತೆಗಳು ಹೇಳುವುದೇನು?

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಗ್ಗುಲೂ ಇದೆ. ಅಮೆರಿಕದ ಕೆಲವು ಆಸ್ಪತ್ರೆಗಳು ತಮ್ಮ ದಾಖಲೆಗಳನ್ನು ತೆಗೆದು, ಗಾಂಜಾ ಸೇವಿಸುವವರನ್ನೂ ಸೇವಿಸದವರನ್ನೂ ಹೋಲಿಸಿದಾಗ, ಮೊದಲ ಒಂದೆರಡು ವರ್ಷಗಳ ತೂಕ ಇಳಿಕೆಯಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಆ ಅವಧಿಯಲ್ಲಿ ಜಠರವೇ ಚಿಕ್ಕದು, ಎಷ್ಟು ಹಸಿವಾದರೂ ಒಳಗೆ ಹಿಡಿಸುವುದಿಲ್ಲವಲ್ಲ. ಆದರೆ 2016ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನವೊಂದು, ಶಸ್ತ್ರಚಿಕಿತ್ಸೆಯ ಬಳಿಕ ಗಾಂಜಾ ಸೇವಿಸುತ್ತಿದ್ದವರಲ್ಲಿ ಹಿಡಿತ ತಪ್ಪಿ ತಿನ್ನುವ ಚಾಳಿ ಹೆಚ್ಚಿಗೆ ಇದ್ದುದನ್ನು ಗುರುತಿಸಿತು. ಕಿರಿದಾದ ಜಠರ ವರ್ಷಗಳುರುಳಿದಂತೆ ಸ್ವಲ್ಪ ಹಿಗ್ಗುತ್ತದೆ. ಇಳಿದ ತೂಕ ಮತ್ತೆ ಏರತೊಡಗುವುದೂ ಹೆಚ್ಚಾಗಿ ಎರಡು ವರ್ಷ ಕಳೆದ ಮೇಲೆ. ಹಾಗಾಗಿ ಮೊದಲ ವರ್ಷದ ತಕ್ಕಡಿಯನ್ನು ನೋಡಿ ನಿಶ್ಚಿಂತರಾಗುವುದು ಅವಸರದ ತೀರ್ಮಾನ.

‘ಮನಸ್ಸು ಹಗುರವಾಗುತ್ತದೆ’ ಎಂಬ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. ಅಲ್ಪ ಪ್ರಮಾಣದಲ್ಲಿ ಹಲವರಿಗೆ ಹಾಗಾಗುವುದು ನಿಜ. ಪ್ರಮಾಣ ಏರಿದರೆ ಅದೇ ವಸ್ತು ಆತಂಕ, ಭಯ ಹುಟ್ಟಿಸುತ್ತದೆ. ದಿನವೂ ಸೇವಿಸುವವರು ಒಮ್ಮೆಲೇ ಬಿಟ್ಟಾಗ ಸಿಡುಕು, ನಿದ್ರೆ ಬಾರದಿರುವುದು, ಚಡಪಡಿಕೆ ಒಂದೆರಡು ವಾರ ಕಾಡುತ್ತವೆ. ಆ ಚಡಪಡಿಕೆಯನ್ನೇ ‘ನನಗೆ ಗಾಂಜಾ ಬೇಕೆನ್ನಲು ಸಾಕ್ಷಿ’ ಎಂದು ತಿಳಿಯುವವರು ಮತ್ತೆ ಅದಕ್ಕೇ ಮರಳುತ್ತಾರೆ. ಮಿದುಳು ಇನ್ನೂ ಬೆಳೆಯುತ್ತಿರುವ ಹದಿಹರೆಯದಲ್ಲಿ ಈ ಸುಳಿ ಇನ್ನಷ್ಟು ಆಳ.

ಮುಚ್ಚಿಟ್ಟರೆ ಮೋಸ

ಶಸ್ತ್ರಚಿಕಿತ್ಸೆಗೆ ಮುಂಚೆಯೇ ಗಾಂಜಾ ಅಭ್ಯಾಸವಿದ್ದವರು ಅದನ್ನು ಮುಚ್ಚಿಡುವುದು ಅತ್ಯಂತ ಅಪಾಯದ ಸಂಗತಿ. ಕೊಲರಾಡೊದಲ್ಲಿ 250 ರೋಗಿಗಳ ದಾಖಲೆ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಹೊಟ್ಟೆಯ ಒಳದರ್ಶನದಂಥ ಪರೀಕ್ಷೆಗೆ ಮಂಪರು ಬರಿಸಲು, ನಿತ್ಯ ಗಾಂಜಾ ಸೇವಿಸುವವರಿಗೆ ‘ಪ್ರೊಪೊಫಾಲ್’ ಎಂಬ ಔಷಧ ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಬೇಕಾಗಿತ್ತು. ಅಭ್ಯಾಸದ ವಿಷಯ ತಿಳಿಯದ ಅರಿವಳಿಕೆ ತಜ್ಞರು ಯಾವ ಲೆಕ್ಕದಲ್ಲಿ ಮದ್ದು ಕೊಡಬೇಕು? ಅದಕ್ಕೇ ಅಮೆರಿಕದ ಅರಿವಳಿಕೆ ತಜ್ಞರ ಸಂಸ್ಥೆಯೊಂದು 2023ರಲ್ಲಿ, ಅರಿವಳಿಕೆ ಪಡೆಯುವ ಪ್ರತಿಯೊಬ್ಬರನ್ನೂ ಗಾಂಜಾ ಬಗ್ಗೆ ಕೇಳಲೇಬೇಕೆಂದು ಸೂಚಿಸಿತು.

ಒಳ್ಳೆಯ ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆಯ ತಂಡದಲ್ಲಿ ಶಸ್ತ್ರವೈದ್ಯರ ಜೊತೆ ಆಹಾರ ತಜ್ಞರೂ ಮನಶ್ಶಾಸ್ತ್ರಜ್ಞರೂ ಇರುತ್ತಾರೆ. ತಿನ್ನುವುದರ ಜಾಗದಲ್ಲಿ ಏನಿಡಬೇಕು ಎಂಬುದನ್ನು ಅವರು ಮುಂಚೆಯೇ ರೋಗಿಯೊಂದಿಗೆ ಕೂತು ಮಾತಾಡುತ್ತಾರೆ. ದಿನದ ನಡಿಗೆ, ನಿದ್ರೆಯ ಶಿಸ್ತು, ಇದೇ ಶಸ್ತ್ರಚಿಕಿತ್ಸೆ ಆದವರ ಗುಂಪಿನಲ್ಲಿ ಮಾತುಕತೆ, ಖಿನ್ನತೆ ಇದ್ದರೆ ಅದಕ್ಕೆ ಸರಿಯಾದ ಔಷಧ. ಇವು ಅಂಗಡಿಯ ಚಾಕೊಲೇಟಿನಷ್ಟು ಬೇಗ ಫಲ ಕೊಡುವುದಿಲ್ಲ ಎಂಬುದು ನಿಜ.

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೂ ನಡೆಯುತ್ತಿದೆ. ಆದರೆ ಗಾಂಜಾದ ವಿಷಯದಲ್ಲಿ ನಮ್ಮ ಕಾನೂನು ಬೇರೆ. 1985ರ ಮಾದಕ ವಸ್ತುಗಳ ಕಾಯಿದೆಯಂತೆ ಗಾಂಜಾ ಸೇವನೆ ನಮ್ಮಲ್ಲಿ ಶಿಕ್ಷಾರ್ಹ ಅಪರಾಧ. ಓದಲು ಅಮೆರಿಕಕ್ಕೆ ಹೋಗುವ ಮಕ್ಕಳೂ ತಂದೆತಾಯಿಗಳೂ ತಿಳಿದಿರಬೇಕಾದ ಮಾತೆಂದರೆ, ರಾಜ್ಯದ ಕಾನೂನು ಒಪ್ಪಿದರೂ ಅಲ್ಲಿಯ ಒಕ್ಕೂಟ ಸರ್ಕಾರದ ಕಾನೂನಿನಲ್ಲಿ ಗಾಂಜಾ ನಿಯಂತ್ರಿತ ವಸ್ತು. ವೀಸಾದ ಮೇಲೆ ಇರುವವರಿಗೆ ಅದರಿಂದ ತೊಂದರೆಯಾಗಬಹುದು. ನಮ್ಮ ಕಾಯಿದೆಯಲ್ಲಿ ಹೆಚ್ಚು ಜನಕ್ಕೆ ತಿಳಿಯದ ಒಂದು ಕಲಮೂ ಇದೆ. ಚಟಕ್ಕೆ ಸಿಕ್ಕಿದವರು ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಒಳಗಾಗಿದ್ದಾಗ, ತಾವಾಗಿಯೇ ಮುಂದೆ ಬಂದು ಮಾನ್ಯತೆ ಪಡೆದ ಕಡೆ ಚಿಕಿತ್ಸೆಯನ್ನು ಪೂರ್ತಿ ಪಡೆದರೆ 64-ಎ ಕಲಮು ಅವರಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರನ್ನು ಅರಿವಳಿಕೆ ತಜ್ಞರು ಕೇಳುವ ಪ್ರಶ್ನೆಗಳು ಸರಳವಾಗಿಯೇ ಇರುತ್ತವೆ. ಸೇದುವುದೋ, ತಿನ್ನುವುದೋ? ಎಷ್ಟು ದಿನಕ್ಕೊಮ್ಮೆ? ಎಷ್ಟು? ಕೊನೆಯ ಸಲ ಯಾವಾಗ? ಹುಡುಗನ ಜೊತೆ ಅಪ್ಪ ಅಮ್ಮ ಕೂತಿದ್ದರೆ ಉತ್ತರ ಬಾಯಿಗೆ ಬರುವುದು ಕಷ್ಟ. ಅಂಥ ಹೊತ್ತಿನಲ್ಲಿ ಹಿರಿಯರು ಐದು ನಿಮಿಷ ಹೊರಗೆ ಹೋಗಿ ಕೂತರೆ ತಜ್ಞರ ಕೆಲಸ ಸುಲಭವಾಗುತ್ತದೆ.